ಸ್ಪ್ಯಾನಿಷ್ ನಾಮಪದ ಕಲಿಯಬೇಕಾ? ಇಂಗ್ಲಿಷನ್ನು ಸ್ವಲ್ಪ ಪಕ್ಕಕ್ಕಿಡಿ

ನಾನು ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ್ದು ಇಂಗ್ಲಿಷ್ ಮೂಲಕ. ಬೇರೆ ದಾರಿ ಸಿಗಲಿಲ್ಲ. ಫೋನಿನ ಆ್ಯಪ್ ಇಂಗ್ಲಿಷಿನದು, ಪುಸ್ತಕ ಇಂಗ್ಲಿಷಿನದು, ವಿಡಿಯೋದಲ್ಲಿ ಪಾಠ ಹೇಳುವವರೂ ಇಂಗ್ಲಿಷಿನವರೇ. ಆರು ತಿಂಗಳಾದ ಮೇಲೆ, ಮೆಕ್ಸಿಕೋದ ಸಹೋದ್ಯೋಗಿಗಳ ಜೊತೆ ಒಂದು ಹೋಟೆಲಿಗೆ ಹೋಗಿದ್ದಾಗ, ಕೈ ತೊಳೆಯೋಣ ಅಂತ ವೇಟರ್‌ನನ್ನು ಬಹಳ ಧೈರ್ಯವಾಗಿ 'ಸೋಪ ಇದೆಯಾ' ಎಂದು ಕೇಳಿದೆ. ಆತ ನಗುನಗುತ್ತಾ ಮೆನು ತಂದುಕೊಟ್ಟ. ಸ್ಪ್ಯಾನಿಷಿನಲ್ಲಿ ಸೋಪ ಅಂದರೆ ಸೂಪು. ಕೈಗೆ ಹಚ್ಚುವುದು ಹಬೋನ್. ನಮ್ಮ ಸಾಬೂನು ಇದೆಯಲ್ಲ, ಅದರ ಬಳಗದ್ದೇ ಪದ. ಇಂಗ್ಲಿಷ್ ಬಿಟ್ಟು ಸಾಬೂನಿನ ಕಡೆ ನೋಡಿದ್ದರೆ ಬಚಾವಾಗುತ್ತಿದ್ದೆ.

ಆಮೇಲೆ ಲೆಕ್ಕ ಹಾಕಿದೆ. ನನ್ನ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವಲ್ಲ, ಇಂಗ್ಲಿಷಿನಿಂದ ಎರವಲು ತಂದವು. ಕನ್ನಡದಿಂದ ನೇರವಾಗಿ ಹೋದರೆ ಸಲೀಸಾಗಿ ಬರುವುದನ್ನು ನಾನು ಇಂಗ್ಲಿಷಿನ ಊರೆಲ್ಲ ಸುತ್ತಿಕೊಂಡು ತರುತ್ತಿದ್ದೆ. ಹಾಗಾಗಿ ಈಗ ಕಲಿಯಲು ಶುರು ಮಾಡುವವರಿಗೆ ಒಂದೇ ಮಾತು: ನಾಮಪದಗಳ ಮಟ್ಟಿಗಾದರೂ ಇಂಗ್ಲಿಷನ್ನು ಪಕ್ಕಕ್ಕಿಡಿ.

ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪದವನ್ನು ಅವರ ಲಿಪಿಯಲ್ಲಿ ಬರೆದು, ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನವರಿಗೆ ಸ್ಪ್ಯಾನಿಷಿನ ತ, ದ, ಪ, ಕ ಸುಲಭಕ್ಕೆ ಬರುವುದಿಲ್ಲ. ಅವರು ಟ, ಡ ಅನ್ನುತ್ತಾರೆ, ಪ ಅನ್ನುವಾಗ ಉಸಿರು ಬಿಡುತ್ತಾರೆ. ನಮಗೆ ಅವೆಲ್ಲ ಒಂದನೇ ಕ್ಲಾಸಿನಲ್ಲೇ ಬಂದಿವೆ. 'ತೊಮಾತೆ' ಎಂದು ಓದಿ, 'ಟೊಮ್ಯಾಟೊ' ಅನ್ನಬೇಡಿ, ಅಷ್ಟೇ.

ಮಜಾ ಏನೆಂದರೆ, ನಾವು ಕಾಗುಣಿತದಲ್ಲಿ ಕಲಿತು ಮರೆತೇಬಿಟ್ಟ ಞ ಅಕ್ಷರಕ್ಕೆ ಇಲ್ಲಿ ಕೆಲಸ ಸಿಗುತ್ತದೆ. ಸ್ಪ್ಯಾನಿಷಿನಲ್ಲಿ ನ ಅಕ್ಷರದ ತಲೆಯ ಮೇಲೆ ಹಾವಿನಂಥ ಗೆರೆ ಇದ್ದರೆ ಅದು ಞ. ಆಞೊ ಅಂದರೆ ವರ್ಷ. ಆ ಗೆರೆ ಮರೆತು 'ಆನೊ' ಅಂದರೆ ಗುದದ್ವಾರ. 'ನನಗೆ ಮೂವತ್ತು ವರ್ಷ' ಎಂದು ಹೇಳಲು ಹೋಗಿ ಏನು ಹೇಳಿದಂತಾಗುತ್ತದೆ ಎಂದು ನೀವೇ ಯೋಚಿಸಿ.

ಪದದಲ್ಲಿ ಒತ್ತಿ ಹೇಳುವ ಜಾಗಕ್ಕೆ ನಾನು ದೀರ್ಘ ಹಾಕುತ್ತೇನೆ, ಈ ಬರಹದಲ್ಲೂ ಹಾಗೇ ಮಾಡಿದ್ದೇನೆ. 'ಪಾಪ' ಅಂದರೆ ಆಲೂಗಡ್ಡೆ, 'ಪಪಾ' ಅಂದರೆ ಅಪ್ಪ. ವ್ಯತ್ಯಾಸ ಅಷ್ಟೇ. ಇನ್ನು, ಇಂಗ್ಲಿಷಿನ ಜೆ ಅಕ್ಷರ ಕಂಡರೆ ಹ ಅನ್ನಿ, ಎಚ್ ಕಂಡರೆ ಏನೂ ಅನ್ನಬೇಡಿ, ವಿ ಕಂಡರೆ ಬ ಅನ್ನಿ. ಕಣ್ಣಿಗೆ ಓಹೊ, ಬೆಳ್ಳುಳ್ಳಿಗೆ ಆಹೊ, ಮಗನಿಗೆ ಈಹೊ. ಸುಮ್ನೆ ಹೇಳಿಕೊಂಡು ನೋಡಿ, ಮೂರೂ ಇವತ್ತೇ ನೆನಪಾಗಿಬಿಡುತ್ತವೆ.

ಕನ್ನಡದ ಕಿವಿಗೆ ಕೇಳಿಸಿ ಮೋಸ ಮಾಡುವ ಪದಗಳೂ ಇವೆ. ಕಾಸ ಅಂದರೆ ಮನೆ, ದುಡ್ಡಲ್ಲ. ಸಾಲ ಅಂದರೆ ಮನೆಯ ಹಾಲು, ನಡುಮನೆ, ಬ್ಯಾಂಕಿನವರು ಕೊಡುವುದಲ್ಲ. ಕಾರ ಅಂದರೆ ಮುಖ. ಕಾಮ ಅಂದರೆ ಹಾಸಿಗೆ, ಇದನ್ನು ಮರೆಯುವವರನ್ನು ನಾನಿನ್ನೂ ನೋಡಿಲ್ಲ.

ಲಿಂಗದ ತಲೆನೋವು

ಕನ್ನಡದಲ್ಲಿ ಗಂಡಸು ಬಂದ, ಹೆಂಗಸು ಬಂದಳು, ಮಿಕ್ಕಿದ್ದೆಲ್ಲ ಬಂತು. ಎಷ್ಟು ಚೆಂದ ಅಲ್ವಾ. ಸ್ಪ್ಯಾನಿಷಿನಲ್ಲಿ 'ಬಂತು' ಪಾರ್ಟಿಯೇ ಇಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು, ಮಳೆ ಹೆಣ್ಣು, ಸೂರ್ಯ ಗಂಡು. ಹಿಂದಿಯಲ್ಲಿ ಬಸ್ಸು ಆತಾ ಹೈಯೋ ಆತೀ ಹೈಯೋ ಎಂದು ಒದ್ದಾಡಿದವರಿಗೆ ಇದು ಹಳೇ ಗಾಯ. ಆದರೆ ಹೆದರಬೇಡಿ, ಸ್ಪ್ಯಾನಿಷ್ ಹಿಂದಿಗಿಂತ ಪ್ರಾಮಾಣಿಕ. ಪದದ ಬಾಲ ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಒ ಬಾಲ ಇದ್ದರೆ ಗಂಡು, ಮುಂದೆ 'ಎಲ್' ಬರುತ್ತದೆ: ಎಲ್ ಲೀಬ್ರೊ, ಪುಸ್ತಕ. ಅ ಬಾಲ ಇದ್ದರೆ ಹೆಣ್ಣು, ಮುಂದೆ 'ಲ' ಬರುತ್ತದೆ: ಲ ಮೇಸ, ಮೇಜು. ಸಿಯೋನ್ ಅಂತ ಮುಗಿದರೆ ಹೆಣ್ಣು, ಹಾಡಿಗೆ ಲ ಕನ್ಸಿಯೋನ್. ದಾದ್ ಅಂತ ಮುಗಿದರೂ ಹೆಣ್ಣು, ನಗರಕ್ಕೆ ಲ ಸಿಯುದಾದ್. ಆಹೆ ಅಂತ ಮುಗಿದರೆ ಗಂಡು, ಪ್ರಯಾಣಕ್ಕೆ ಎಲ್ ಬಿಯಾಹೆ.

ಈಗ ತರಲೆ ಪದಗಳು. ಕೈ, ಅಂದರೆ ಮಾನೊ, ಒ ಬಾಲ ಇದ್ದರೂ ಹೆಣ್ಣು. ದಿನ, ಅಂದರೆ ದೀಯ, ಅ ಬಾಲ ಇದ್ದರೂ ಗಂಡು. ಅದಕ್ಕೇ 'ಬುಯೇನೊಸ್ ದೀಯಸ್' ಅನ್ನುವುದು, 'ಬುಯೇನಸ್' ಅಲ್ಲ. ಫೋತೊ, ಅಂದರೆ ಫೋಟೊ, ಮೋತೊ, ಅಂದರೆ ಮೋಟಾರ್ ಸೈಕಲ್, ಎರಡೂ ಹೆಣ್ಣು, ಯಾಕೆಂದರೆ ಅವು ಫೊತೊಗ್ರಾಫೀಯ, ಮೊತೊಸಿಕ್ಲೇತ ಎಂಬ ಉದ್ದ ಪದಗಳ ತುಂಡುಗಳು. ಆಮೇಲೆ ಗ್ರೀಕಿನಿಂದ ಬಂದ, ಮ ಅಂತ ಮುಗಿಯುವ ಒಂದು ಗುಂಪು ಇದೆ: ಪ್ರೊಬ್ಲೇಮ, ಸಿಸ್ತೇಮ, ತೇಮ, ಕ್ಲೀಮ, ಪ್ರೊಗ್ರಾಮ, ಇದಿಯೋಮ. ಎಲ್ಲವೂ ಗಂಡು. ಕೊನೆಯದು ಭಾಷೆ, ಇಂಗ್ಲಿಷಿನವರು ಅದನ್ನು ನುಡಿಗಟ್ಟು ಎಂದುಕೊಂಡು ಎಡವುತ್ತಾರೆ. ಆದರೆ ಮೇಲೆ ಹೇಳಿದ ಕಾಮ, ಹಾಸಿಗೆ, ಆ ಗುಂಪಿನದ್ದಲ್ಲ. ಅದು ಹೆಣ್ಣೇ.

ನೀರಿನ ಕಥೆ ಬೇರೆ. ಆಗ್ವ ಹೆಣ್ಣು, ಆದರೂ 'ಎಲ್ ಆಗ್ವ' ಅನ್ನುತ್ತಾರೆ. 'ಲ ಆಗ್ವ' ಅಂದರೆ ಅ ಪಕ್ಕ ಆ ಬಂದು ನಾಲಿಗೆ ತೊಡರುತ್ತದೆ. ನಾವಾಗಿದ್ದರೆ ಸಂಧಿ ಮಾಡಿ ಒಂದನ್ನು ನುಂಗುತ್ತಿದ್ದೆವು. ಅವರು ಮುಂದಿನ ಪದವನ್ನೇ ಬದಲಿಸುತ್ತಾರೆ. ನೀರು ಹೆಣ್ಣೇ ಅನ್ನುವುದಕ್ಕೆ ಸಾಕ್ಷಿ ಅದರ ಹಿಂದೆ ಬರುವ ಗುಣವಾಚಕ: ತಣ್ಣೀರು ಎಲ್ ಆಗ್ವ ಫ್ರೀಯ, ಫ್ರೀಯೊ ಅಲ್ಲ. ಬಹುವಚನಕ್ಕೆ ಹೋದರೆ ಲಸ್ ಆಗ್ವಸ್ ಎಂದು ತನ್ನ ಮೂಲಕ್ಕೆ ಮರಳುತ್ತದೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಯಾವತ್ತೂ ಬರಿಯ ಪದ ಬರೆಯಬೇಡಿ. ಮೇಸ ಎಂದಲ್ಲ, 'ಲ ಮೇಸ' ಎಂದೇ ಬರೆಯಿರಿ, ಬಾಯಲ್ಲೂ ಹಾಗೇ ಹೇಳಿ. ಗಂಡಿಗೆ ನೀಲಿ ಇಂಕು, ಹೆಣ್ಣಿಗೆ ಕೆಂಪು ಇಂಕು ಬಳಸಿ. ಮಕ್ಕಳಾಟ ಅನ್ನಿಸಬಹುದು, ನನಗೂ ಅನ್ನಿಸಿತ್ತು, ಮೊದಲ ಮೂರು ತಿಂಗಳು ಮಾಡಲಿಲ್ಲ, ಆಮೇಲೆ ಕಲಿತ ಪದಗಳನ್ನೆಲ್ಲ ಮತ್ತೆ ಮೊದಲಿಂದ ಕಲಿತೆ. ಎಲ್, ಲ ಬದಲಾದರೆ ಅರ್ಥವೇ ಬದಲಾಗುವ ಪದಗಳೂ ಇವೆ. ಲ ಪಾಪ ಆಲೂಗಡ್ಡೆ, ಎಲ್ ಪಾಪ ರೋಮಿನ ಪೋಪ್. ಲ ಕಪಿತಾಲ್ ರಾಜಧಾನಿ, ಎಲ್ ಕಪಿತಾಲ್ ಬಂಡವಾಳ. ಲ ಕೊಮೇತ ಗಾಳಿಪಟ, ಎಲ್ ಕೊಮೇತ ಧೂಮಕೇತು. ಎರಡಕ್ಕೂ ಬಾಲ ಇದೆ ನೋಡಿ.

ಎರಡು ಪುಸ್ತಕ ಅಂದರೆ ಸಾಲದು

ಇಲ್ಲಿ ಕನ್ನಡವೇ ನಮಗೆ ಕೈ ಕೊಡುತ್ತದೆ. 'ಎರಡು ಕಾಫಿ ಕೊಡಿ' ಎಂದು ಹೇಳಿ ಅಭ್ಯಾಸ. 'ಎರಡು ಕಾಫಿಗಳು' ಅಂದರೆ ಮಾಣಿ ನಮ್ಮ ಮುಖ ನೋಡುತ್ತಾನೆ. ಸ್ಪ್ಯಾನಿಷಿನಲ್ಲಿ 'ದೋಸ್ ಕಫೇಸ್' ಎಂದೇ ಅನ್ನಬೇಕು. ಸ್ವರದಲ್ಲಿ ಮುಗಿದರೆ ಸ್, ವ್ಯಂಜನದಲ್ಲಿ ಮುಗಿದರೆ ಎಸ್. ಬೆಳಕು ಲೂಸ್, ಬೆಳಕುಗಳು ಲೂಸೆಸ್. ಗುಣವಾಚಕವೂ ಹಿಂದೆಯೇ ಓಡಬೇಕು: ಬಿಳಿ ಮನೆ ಲ ಕಾಸ ಬ್ಲಾಂಕ, ಬಿಳಿ ಮನೆಗಳು ಲಸ್ ಕಾಸಸ್ ಬ್ಲಾಂಕಸ್. ನಮ್ಮ 'ಬಿಳಿ' ಮನೆಗೂ ಮನೆಗಳಿಗೂ ಒಂದೇ ಥರ ಇರುತ್ತದೆ, ಹಾಗಾಗಿ ನಾನು ಇವತ್ತಿಗೂ ಇದನ್ನು ಮರೆಯುತ್ತೇನೆ.

ಇನ್ನೊಂದು ಗುಂಡಿ ಇದೆ. 'ಜನ ಬಂದರು' ಅನ್ನುತ್ತೇವೆ. ಅವರ ಜನ, ಲ ಹೇಂತೆ, ಏಕವಚನ ಮತ್ತು ಹೆಣ್ಣು. ಜನ 'ಬಂದಳು' ಅಂದಂತೆ. ಹಾಗೇ ಪೆರ್ಸೋನ, ಅಂದರೆ ವ್ಯಕ್ತಿ, ಯಾವಾಗಲೂ ಹೆಣ್ಣು. ಗಿರಿಜಾ ಮೀಸೆ ಬಿಟ್ಟ ಗಂಡಸನ್ನು ಕೂಡ 'ಊನ ಬುಯೇನ ಪೆರ್ಸೋನ', ಒಳ್ಳೆಯ ವ್ಯಕ್ತಿ ಎಂದೇ ಹೊಗಳಬೇಕು.

ಬೀಗರಿಗೂ ಷಡ್ಡಕನಿಗೂ ಪದ ಇದೆ

ನೆಂಟಸ್ತನದ ಪದಗಳನ್ನು ಇಂಗ್ಲಿಷ್ ಮೂಲಕ ಕಲಿಯುವುದು ಶುದ್ಧ ದಂಡ. ಮಗಳನ್ನು ಕೊಟ್ಟ ಮನೆಯವರಿಗೆ ಇಂಗ್ಲಿಷಿನಲ್ಲಿ ಒಂದೇ ಪದದ ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. ಸ್ಪ್ಯಾನಿಷಿನಲ್ಲಿ ಇದೆ: ಕೊನ್‌ಸ್ವೇಗ್ರೊಸ್. ಬೀಗರು! ಬೀಗಿತ್ತಿ ಕೊನ್‌ಸ್ವೇಗ್ರ. ಸ್ವೇಗ್ರೊ ಅಂದರೆ ಮಾವ, ಸ್ವೇಗ್ರ ಅಂದರೆ ಅತ್ತೆ, ಕೊನ್ ಅಂದರೆ ಜೊತೆ. ಒಟ್ಟಿಗೆ ಅತ್ತೆಮಾವ ಆದವರು. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಅವನಿಗೂ ಪದ ಇದೆ: ಕೊಂಕುಞಾದೊ. ಓರಗಿತ್ತಿಗೆ ಕೊಂಕುಞಾದ. ಇದನ್ನು ತಿಳಿದ ದಿನ ನನಗೆ ಸ್ಪ್ಯಾನಿಷ್ ಮಾತಾಡುವವರೆಲ್ಲ ನಮ್ಮ ಕಡೆಯವರೇ ಅನ್ನಿಸಿತು.

ಆದರೆ ಖುಷಿ ಪೂರ್ತಿ ಉಳಿಯುವುದಿಲ್ಲ. ಅಣ್ಣನೂ ಎರ್ಮಾನೊ, ತಮ್ಮನೂ ಎರ್ಮಾನೊ. ಬೇಕಿದ್ದರೆ ಅಣ್ಣನಿಗೆ 'ಎರ್ಮಾನೊ ಮಯೋರ್', ತಮ್ಮನಿಗೆ 'ಎರ್ಮಾನೊ ಮೆನೋರ್' ಎಂದು ಬಿಡಿಸಿ ಹೇಳಬೇಕು. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಮೂವರೂ ತೀಯೊ. ಅತ್ತೆಯ ಮಗನೂ ಚಿಕ್ಕಮ್ಮನ ಮಗನೂ ಪ್ರೀಮೊ. ಗಂಡು ಹೆಣ್ಣು ಸೇರಿದ ಗುಂಪಿಗೆ ಗಂಡಿನ ಬಹುವಚನವೇ ನಡೆಯುತ್ತದೆ: ಪಾದ್ರೆ ಅಂದರೆ ತಂದೆ, ಲೊಸ್ ಪಾದ್ರೆಸ್ ಅಂದರೆ ತಂದೆತಾಯಿ. 'ನಿಮಗೆ ಎಷ್ಟು ಜನ ಎರ್ಮಾನೊಸ್' ಎಂದು ಯಾರಾದರೂ ಕೇಳಿದರೆ ಅಕ್ಕತಂಗಿಯರನ್ನೂ ಲೆಕ್ಕಕ್ಕೆ ಸೇರಿಸಿ. ಇನ್ನು ಪರಿಯೇಂತೆ ಅನ್ನುವ ಪದ ಕಂಡು ಇಂಗ್ಲಿಷಿನವರು ಹೆತ್ತವರು ಎಂದುಕೊಳ್ಳುತ್ತಾರೆ. ಅದು ನೆಂಟರು.

ನನಗೆ ಹಸಿವು, ನನಗೆ ತಲೆನೋವು

ಇದು ನನ್ನ ಮೆಚ್ಚಿನ ಭಾಗ. ಇಂಗ್ಲಿಷಿನಲ್ಲಿ ಮನುಷ್ಯನೇ ಹಸಿದವನು, ಬಾಯಾರಿದವನು, ಹೆದರಿದವನು ಆಗುತ್ತಾನೆ. ನಮ್ಮಲ್ಲಿ ಹಸಿವು, ಬಾಯಾರಿಕೆ, ಭಯ, ನಿದ್ದೆ ಎಲ್ಲ ನಾಮಪದಗಳು, ನಮಗೆ ಬರುತ್ತವೆ, ಹೋಗುತ್ತವೆ. ಸ್ಪ್ಯಾನಿಷಿನಲ್ಲೂ ಅವು ನಾಮಪದಗಳೇ. 'ತೇಂಗೊ' ಅಂದರೆ 'ನನ್ನ ಹತ್ತಿರ ಇದೆ'. ತೇಂಗೊ ಆಂಬ್ರೆ, ನನಗೆ ಹಸಿವು. ತೇಂಗೊ ಸೇದ್, ಬಾಯಾರಿಕೆ. ತೇಂಗೊ ಸ್ವೇಞೊ, ನಿದ್ದೆ ಬರುತ್ತಿದೆ. ಮಿಯೇದೊ ಭಯ, ಫ್ರೀಯೊ ಚಳಿ, ಕಲೋರ್ ಸೆಖೆ, ಪ್ರೀಸ ಅವಸರ. ಇಂಗ್ಲಿಷಿನಿಂದ ಅನುವಾದ ಮಾಡಿ 'ನಾನು ಬಿಸಿಯಾಗಿದ್ದೇನೆ' ಅಂತ ಹೇಳಿದರೆ, ಅಂದರೆ 'ಎಸ್ತೋಯ್ ಕಲಿಯೇಂತೆ' ಅಂದರೆ, ಅದರ ಅರ್ಥ ಸೆಖೆ ಅಲ್ಲ, ಮಲಗುವ ಕೋಣೆಯ ಮಾತು. ಆಫೀಸಿನಲ್ಲಿ ಖಂಡಿತ ಬೇಡ.

ತುಂಬಾ ಹಸಿವು ಅನ್ನಲು ಲಿಂಗ ನೆನಪಿಡಿ: ಮೂಚ ಆಂಬ್ರೆ, ಮೂಚ ಸೇದ್, ಆದರೆ ಮೂಚೊ ಸ್ವೇಞೊ, ಮೂಚೊ ಕಲೋರ್. ಹಸಿವು ಬಾಯಾರಿಕೆ ಹೆಣ್ಣು, ನಿದ್ದೆ ಸೆಖೆ ಗಂಡು.

ತಲೆನೋವು ಇದ್ದರೆ 'ಮೆ ದ್ವೇಲೆ ಲ ಕಬೇಸ'. ಒಂದೊಂದೇ ಪದ ಬಿಡಿಸಿದರೆ ನನಗೆ, ನೋಯುತ್ತದೆ, ತಲೆ. ನಾವೂ 'ನನಗೆ ತಲೆ ನೋಯುತ್ತಿದೆ' ಅನ್ನುತ್ತೇವೆ, 'ನನ್ನ ತಲೆ' ಎಂದು ಒತ್ತಿ ಹೇಳಬೇಕಾಗಿಲ್ಲ, ಪಕ್ಕದ ಮನೆಯವರ ತಲೆ ನಮಗೆ ನೋಯುವುದಿಲ್ಲವಲ್ಲ. ಇಷ್ಟವೂ ಹೀಗೇ: 'ಮೆ ಗೂಸ್ತ ಎಲ್ ಕಫೇ', ನನಗೆ ಇಷ್ಟ ಕಾಫಿ. ಇಂಗ್ಲಿಷ್ ಮಾತೃಭಾಷೆಯವರು ಈ ಒಂದು ವಾಕ್ಯವನ್ನು ತಲೆಗೆ ಹತ್ತಿಸಿಕೊಳ್ಳಲು ವಾರಗಟ್ಟಲೆ ಒದ್ದಾಡುತ್ತಾರೆ. ನಾನೂ ಒದ್ದಾಡಿದ್ದೆ, ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದೆ ಅನ್ನುವ ಒಂದೇ ಕಾರಣಕ್ಕೆ. ಇಷ್ಟವಾದದ್ದು ಒಂದಕ್ಕಿಂತ ಹೆಚ್ಚಿದ್ದರೆ ಗೂಸ್ತ ಹೋಗಿ ಗೂಸ್ತನ್ ಆಗುತ್ತದೆ: ಮೆ ಗೂಸ್ತನ್ ಲೊಸ್ ಮಾಂಗೊಸ್.

ಇಂಥವು ಇನ್ನೂ ಇವೆ. ಕೈಬೆರಳು ಕಾಲ್ಬೆರಳು ಎರಡೂ ದೇದೊ, ನಮ್ಮ ಬೆರಳಿನ ಹಾಗೆ. ಗೋಡೆಗೂ ಕೈಗೂ ಕಟ್ಟುವ ಗಡಿಯಾರ ಒಂದೇ, ರೆಲೋಹ್. ಕರೆಂಟು ಹೋದರೆ 'ಸೆ ಫ್ವೆ ಲ ಲೂಸ್', ಲೈಟು ಹೋಯಿತು. ಮದ್ರುಗಾದ ಅಂದರೆ ಮಧ್ಯರಾತ್ರಿ ಕಳೆದು ಬೆಳಕು ಹರಿಯುವ ಮೊದಲಿನ ಹೊತ್ತು. ನಮ್ಮ ಬೆಳಗಿನ ಜಾವ ಅದಕ್ಕೆ ಬಹಳ ಹತ್ತಿರ. ಊಟ ಮುಗಿದ ಮೇಲೂ ಏಳದೆ ಮೇಜಿನ ಸುತ್ತ ಕೂತು ಹರಟೆ ಹೊಡೆಯುವುದಕ್ಕೆ ಸೊಬ್ರೆಮೇಸ ಅನ್ನುತ್ತಾರೆ. ಅದನ್ನು ನಾವು ಮಾಡುತ್ತೇವೆ, ಹೆಸರಿಟ್ಟಿಲ್ಲ.

ಹೆಸರು ಒಂದೇ, ಮನುಷ್ಯ ಬೇರೆ

ಇಂಗ್ಲಿಷಿನ ಹಾಗೇ ಕಂಡು ಬೇರೆಯೇ ಅರ್ಥ ಕೊಡುವ ಪದಗಳಿಗೆ ನೋಟ್‌ಬುಕ್ಕಿನ ಕೊನೆಯಲ್ಲಿ ಎರಡು ಪುಟ ಬಿಡಿ. ಏಕ್ಸಿತೊ ಅಂದರೆ ಹೊರಗೆ ಹೋಗುವ ಬಾಗಿಲಲ್ಲ, ಯಶಸ್ಸು. ಬಾಗಿಲು ಬೇಕಿದ್ದರೆ ಸಲೀದ. ಲಿಬ್ರೆರೀಯ ಪುಸ್ತಕದ ಅಂಗಡಿ, ಗ್ರಂಥಾಲಯ ಬಿಬ್ಲಿಯೊತೇಕ. ಕರ್ಪೇತ ನೆಲಕ್ಕೆ ಹಾಸುವುದಲ್ಲ, ಕಾಗದ ಇಡುವ ಫೈಲು. ಫಾಬ್ರಿಕ ಕಾರ್ಖಾನೆ, ಬಟ್ಟೆಯಲ್ಲ. ರೋಪ ಹಗ್ಗವಲ್ಲ, ತೊಡುವ ಬಟ್ಟೆ. ಕೊಲೇಹಿಯೊ ಮಕ್ಕಳ ಶಾಲೆ, ಹಾಗಾಗಿ ಹತ್ತು ವರ್ಷದ ಹುಡುಗ ಕೊಲೇಹಿಯೊಗೆ ಹೋಗುತ್ತಾನೆ ಅಂದರೆ ಬೆರಗಾಗಬೇಡಿ. ಪಟ್ಟಿಯನ್ನು ಉರು ಹೊಡೆಯಬೇಡಿ. ತಪ್ಪು ಮಾಡಿದಾಗ ಒಂದೊಂದೇ ಸೇರಿಸಿ, ಮಾನ ಹೋದ ಪದ ಮರೆಯುವುದಿಲ್ಲ.

ಹಳೇ ನೆಂಟರು

ಸ್ಪ್ಯಾನಿಷಿನ ಅಕ್ಕಪಕ್ಕದ ಮನೆ ಪೋರ್ಚುಗೀಸ್, ಎರಡೂ ಲ್ಯಾಟಿನ್ ಮಕ್ಕಳು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು ಕೂತ ಮೇಲೆ ಅವರ ಪದಗಳು ಕರಾವಳಿಯಿಂದಲೂ ಮರಾಠಿ, ಕೊಂಕಣಿ ಕಡೆಯಿಂದಲೂ ನಮ್ಮ ಬಾಯಿಗೆ ಬಂದವು. ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಒಂದಿಷ್ಟು ಸ್ಪ್ಯಾನಿಷ್ ಗೊತ್ತಿದೆ. ಪಾದ್ರಿ ಇದ್ದಾರಲ್ಲ, ಅದೇ ಪಾದ್ರೆ. ಅಲಮಾರು ಎಲ್ ಅರ್ಮಾರಿಯೊ. ಬಾಲ್ದಿ ಎಲ್ ಬಾಲ್ದೆ. ಪಾವ್ ಭಾಜಿಯ ಪಾವ್ ಎಲ್ ಪಾನ್. ಚಾವಿ ಲ ಯಾಬೆ, ಸ್ವಲ್ಪ ಮುಖ ಬದಲಾಗಿದೆ. ಉತ್ತರ ಕರ್ನಾಟಕದವರ ಪಗಾರಕ್ಕೆ ಲ ಪಾಗ ನೆಂಟ. ಮನೆ ಕಟ್ಟಿಸುವ ಮೇಸ್ತ್ರಿ ಎಲ್ ಮಯೇಸ್ತ್ರೊ. ಅಲ್ಲಿ ಶಾಲೆಯ ಮೇಷ್ಟ್ರಿಗೂ ಅದೇ ಪದ, ಕಟ್ಟಡದ ಮೇಸ್ತ್ರಿಗೆ ಮಯೇಸ್ತ್ರೊ ದೆ ಓಬ್ರ. ಎಲ್ಲ ಸಲ ಹೀಗೆ ಹೊಂದುವುದಿಲ್ಲ. ಕೊಂಕಣಿಯವರ ಜನೆಲ್, ಕಿಟಕಿ, ಸ್ಪ್ಯಾನಿಷಿನಲ್ಲಿ ಬೆಂತಾನ.

ಇನ್ನೊಂದು ದಾರಿ ಅರಬ್ಬರದು. 711ರಲ್ಲಿ ಸ್ಪೇನಿಗೆ ಕಾಲಿಟ್ಟ ಮುಸ್ಲಿಂ ಆಳ್ವಿಕೆ 1492ರಲ್ಲಿ ಅಲ್ಲಿನ ಗ್ರನಾದ ನಗರ ಬೀಳುವವರೆಗೂ ಒಂದಲ್ಲ ಒಂದು ಭಾಗದಲ್ಲಿ ಉಳಿಯಿತು. ಅವರ ಜೊತೆ ಭಾರತದ ಪದಾರ್ಥಗಳೂ ಹೆಸರುಗಳೂ ಹೋದವು. ಶರ್ಕರ ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯನ್, ಅರಬ್ಬಿ ದಾಟಿ ಅಲ್ಲಿ ಅಸೂಕರ್ ಆಯಿತು. ನಾರಂಗ ಹೋಗಿ ನರಾಂಹ, ಕಿತ್ತಳೆ. ಚತುರಂಗ ಹೋಗಿ ಅಹೆದ್ರೇಸ್. ನಂಬುವುದು ಕಷ್ಟ, ಆದರೆ ನಿಜ.

ಮೆಣಸಿನ ಕಥೆ ಕೇಳಿ. ನಮ್ಮಲ್ಲಿ ಮೊದಲು ಇದ್ದದ್ದು ಕಾಳುಮೆಣಸು. ಅಮೆರಿಕದಿಂದ ಹೊಸ ಕಾಯಿ ಬಂದಾಗ ಅದಕ್ಕೆ ಮೆಣಸಿನಕಾಯಿ ಎಂದೆವು. ಸ್ಪೇನಿನವರೂ ಅದನ್ನೇ ಮಾಡಿದರು: ಲ ಪಿಮಿಯೇಂತ ಕಾಳುಮೆಣಸು, ಎಲ್ ಪಿಮಿಯೇಂತೊ ದಪ್ಪ ಮೆಣಸಿನಕಾಯಿ. ಬಾಲ ಬದಲಿಸಿದರೆ ಸಾರು ಬದಲಾಗುತ್ತದೆ, ಹುಷಾರು.

ಯಾವ ದೇಶದ ಸ್ಪ್ಯಾನಿಷ್?

ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ ಅಲ್ಲೂ. ನಾನು ಮೇಲೆ ಬರೆದಿರುವ ಉಚ್ಚಾರಣೆ ಹೆಚ್ಚಾಗಿ ಲ್ಯಾಟಿನ್ ಅಮೆರಿಕದ್ದು. ಆಲೂಗಡ್ಡೆ ಸ್ಪೇನಿನಲ್ಲಿ ಪತಾತ, ಲ್ಯಾಟಿನ್ ಅಮೆರಿಕದಲ್ಲಿ ಪಾಪ. ಕಾರು ಸ್ಪೇನಿನಲ್ಲಿ ಕೋಚೆ, ಕೊಲಂಬಿಯಾದಲ್ಲಿ ಕಾರ್ರೊ. ಕಂಪ್ಯೂಟರ್ ಸ್ಪೇನಿನಲ್ಲಿ ಗಂಡು, ಎಲ್ ಒರ್ದೆನದೋರ್. ಮೆಕ್ಸಿಕೋದಲ್ಲಿ ಹೆಣ್ಣು, ಲ ಕೊಂಪುತದೋರ. ತೊರ್ತೀಯ ಕೇಳಿದರೆ ಮೆಕ್ಸಿಕೋದಲ್ಲಿ ಜೋಳದ ರೊಟ್ಟಿಯಂಥದ್ದು ಬರುತ್ತದೆ, ಆದರೆ ಮೆಕ್ಕೆಜೋಳದ್ದು. ಸ್ಪೇನಿನಲ್ಲಿ ಮೊಟ್ಟೆ ಆಲೂಗಡ್ಡೆಯ ದಪ್ಪ ಆಮ್ಲೆಟ್. ಮೊಟ್ಟೆ ತಿನ್ನದವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗ್ವಾಗ್ವ ಅಂದರೆ ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಹಸುಗೂಸು. ಗ್ವಾಗ್ವ ತಪ್ಪಿಹೋಯಿತು ಎಂದು ಚಿಲಿಯಲ್ಲಿ ಹೇಳಿ ನೋಡಿ, ಪೊಲೀಸರು ಬರುತ್ತಾರೆ.

ಒಂದು ದೇಶ ಆರಿಸಿಕೊಳ್ಳಿ, ನಿಮಗೆ ಕೆಲಸವೋ ಸ್ನೇಹವೋ ಇರುವ ದೇಶ. ಗುಮಾನಿ ಬಂದರೆ 1713ರಲ್ಲಿ ಶುರುವಾದ ರೆಯಾಲ್ ಅಕದೇಮಿಯ ಎಸ್ಪಞೋಲ, ಅಂದರೆ ಸ್ಪೇನಿನ ಭಾಷಾ ಅಕಾಡೆಮಿ, ಅದರ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಥದ ಮುಂದೆ ಎಮ್ ಇದ್ದರೆ ಗಂಡು, ಎಫ್ ಇದ್ದರೆ ಹೆಣ್ಣು. ಯಾವ ದೇಶದಲ್ಲಿ ಮಾತ್ರ ಬಳಸುತ್ತಾರೆ ಅನ್ನುವುದನ್ನೂ ಚಿಕ್ಕದಾಗಿ ಬರೆದಿರುತ್ತಾರೆ. ಅರ್ಥ ವಿವರಿಸಿರುವುದು ಸ್ಪ್ಯಾನಿಷಿನಲ್ಲೇ. ಮೊದಲ ತಿಂಗಳು ಆ ಎಮ್, ಎಫ್ ಎರಡನ್ನೇ ನೋಡಿ ಮುಚ್ಚಿಬಿಡಿ.